ಸ್ಕ್ರೂ ಕವರ್ ಬಿಡಿ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ನಮ್ಮನೆಯವರು ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ. ಶುದ್ಧ ಸುಳ್ಳು. ಕೆಲಸ ಗೊತ್ತಿಲ್ಲದವರು ಕೆಲಸದ ಬಗ್ಗೆ ಮಾತಾಡಿದರೆ ಮಾತ್ರ ನನಗೆ ಸಿಟ್ಟು ಬರುತ್ತದೆ. ಅಂಥವರು ದಿನಕ್ಕೆ ಹತ್ತು ಜನ ಎದುರಾದರೆ ಅದು ನನ್ನ ತಪ್ಪೇ?

ನಾನು ಟೇಬಲ್ ಫ್ಯಾನ್ ತಯಾರಿಸುವ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೋಣೆಯ ಮುಖ್ಯಸ್ಥೆ. ಮುಖ್ಯಸ್ಥೆ ಅಂದಕೂಡಲೇ ಕುರ್ಚಿ, ಮೇಜು, ಗಂಟೆ ಒತ್ತಿದರೆ ಕಾಫಿ ಎಂದೆಲ್ಲ ಅಂದುಕೊಳ್ಳಬೇಡಿ. ನನ್ನ ಜೊತೆ ಇನ್ನೂ ಏಳು ಜನ ಹೆಂಗಸರಿದ್ದಾರೆ. ಎಂಟು ಜನಕ್ಕೂ ಸೇರಿ ಒಂದು ಉದ್ದನೆಯ ಮೇಜು, ಒಂದು ಕಿಟಕಿ. ದಿನಕ್ಕೆ ಇನ್ನೂರು ಫ್ಯಾನ್ ಕಟ್ಟುವ ಆ ಕೋಣೆಯಲ್ಲಿ ಒಂದೇ ಒಂದು ಫ್ಯಾನ್ ತಿರುಗುವುದಿಲ್ಲ. ತಿರುಗಿಸಿದರೆ ಕವರುಗಳೆಲ್ಲ ಹಾರಿಹೋಗುತ್ತವೆ. ಹಾಗಾಗಿ ಊರಿಗೆಲ್ಲ ಗಾಳಿ ಕಳಿಸುವ ನಾವು ಸೆರಗಿನಲ್ಲಿ ಗಾಳಿ ಬೀಸಿಕೊಂಡು ಕೂರುತ್ತೇವೆ.

ನನ್ನ ಪ್ಯಾಕಿಂಗ್ ಹೇಗಿತ್ತು ಅಂದರೆ, ಮುಂದಿನ ಜಾಲರಿಗೆ ಒಂದು ಪ್ಲಾಸ್ಟಿಕ್ ಕವರ್, ಹಿಂದಿನ ಜಾಲರಿಗೆ ಒಂದು, ರೆಕ್ಕೆಗೆ ಒಂದು, ಮೋಟಾರಿಗೆ ಒಂದು, ತಳಕ್ಕೆ ಒಂದು, ಎಂಟು ಸ್ಕ್ರೂಗೆ ಸೇರಿ ಒಂದು ಪುಟ್ಟ ಕವರ್. ಫ್ಯಾನ್ ಜೋಡಿಸುವುದು ಹೇಗೆ ಎಂದು ಅಚ್ಚು ಹಾಕಿದ ಕಾಗದಕ್ಕೂ ಒಂದು ಕವರ್. ಕಾಗದಕ್ಕೂ ಚಳಿಯಾಗುತ್ತದೆಯೇ ಎಂದು ನಮ್ಮನೆಯವರು ಕೇಳುತ್ತಿದ್ದರು. ಎಂಟನೆಯದು ವೈರಿಗೆ. ವೈರನ್ನು ಸುರುಳಿ ಸುತ್ತಿ, ಕವರಿಗೆ ಹಾಕಿ, ಎಲ್ಲಕ್ಕಿಂತ ಮೇಲೆ, ಪೆಟ್ಟಿಗೆಯ ಮುಚ್ಚಳದ ಅಡಿಗೇ ಇಡುತ್ತಿದ್ದೆವು. ಅದು ನನ್ನದೇ ಉಪಾಯ. ಮೊದಲು ವೈರು ತಳದಲ್ಲಿರುತ್ತಿತ್ತು, ಪ್ಲಗ್ಗಿನ ಪಿನ್ನು ದಾರಿಯಲ್ಲಿ ಅಲುಗಾಡಿ ರೆಕ್ಕೆ ಗೀರುತ್ತಿತ್ತು, ಮುರಿಯುತ್ತಲೂ ಇತ್ತು. ಮೇಲೆ ತಂದು ಇಟ್ಟೆ, ಎರಡೂ ನಿಂತುಹೋದವು. ಆಮೇಲೆ ಅಕ್ಕಪಕ್ಕ ಥರ್ಮಾಕೋಲು, ಮುಚ್ಚಳದ ಮೇಲೆ ಮೂರು ಸುತ್ತು ದಪ್ಪ ಟೇಪು, ಇಡೀ ಪೆಟ್ಟಿಗೆಗೆ ಒಂಬತ್ತನೆಯ ಕವರ್.

ಆ ಉಪಾಯ ಮಾಡಿದ ವರ್ಷ ನಮ್ಮ ಕೋಣೆಯ ಬಾಗಿಲಿಗೆ ಒಂದು ಕಪ್ಪು ಹಲಗೆ ಹಾಕಿದರು. 'ಪ್ಯಾಕಿಂಗ್ ದೋಷದಿಂದ ಹಾಳಾದ ಫ್ಯಾನ್: ೦'. ಹನ್ನೊಂದು ವರ್ಷ ಆ ಸೊನ್ನೆಯನ್ನು ಯಾರೂ ಅಳಿಸಿಲ್ಲ. ಮಾಸಿದಾಗ ನಾನೇ ಸ್ಟೂಲು ಹತ್ತಿ ಸೀಮೆಸುಣ್ಣದಲ್ಲಿ ತಿದ್ದುತ್ತಿದ್ದೆ. ದುಂಡಗೆ, ಸುಂದರವಾಗಿ. ಬೇರೆ ವಿಭಾಗದವರು ಆ ಹಲಗೆ ನೋಡಿ ಹೊಟ್ಟೆ ಉರಿದುಕೊಳ್ಳುವಾಗ ನನಗೆ ಎಷ್ಟು ಸಂತೋಷವಾಗುತ್ತಿತ್ತು ಎಂದರೆ, ಅದನ್ನು ಹೇಳಿಕೊಂಡರೆ ಚೆನ್ನಾಗಿರುವುದಿಲ್ಲ.

ನಮ್ಮನೆಯವರದು ಎರಡು ಬೀದಿ ಆಚೆ ರಿಪೇರಿ ಅಂಗಡಿ. ಫ್ಯಾನು, ಇಸ್ತ್ರಿ ಪೆಟ್ಟಿಗೆ, ರೇಡಿಯೊ, ಕೈಗೆ ಸಿಕ್ಕಿದ್ದೆಲ್ಲ. ನಾನು ಕಟ್ಟುವವಳು, ಅವರು ಬಿಚ್ಚುವವರು, ಮೂವತ್ತು ವರ್ಷದಿಂದ ನಮ್ಮ ಸಂಸಾರ ಹೀಗೇ ನಡೆದಿದೆ. ಸಂಜೆ ಮನೆಗೆ ಬಂದಕೂಡಲೇ ಅವರು ಕೇಳುವ ಮೊದಲ ಮಾತು, “ಏನಂತೆ ಸೊನ್ನೆ ಮೇಡಂ, ಸೊನ್ನೆ ಆರೋಗ್ಯವಾಗಿದೆಯಾ?”

“ಗುಂಡು ಗುಂಡಾಗಿದೆ ಕಣ್ರೀ,” ಎನ್ನುತ್ತಿದ್ದೆ.

ಅವರು ನಗುತ್ತಿದ್ದರು. ಆ ನಗುವಿನಲ್ಲಿ ಏನೋ ಒಂದು ಚೂರು ಕಡಿಮೆ ಇದೆ ಎಂದು ನನಗೆ ಒಂದು ದಿನವೂ ಅನ್ನಿಸಲಿಲ್ಲ ನೋಡಿ. ಅಷ್ಟು ಜಾಣೆ ನಾನು.

ಹೀಗಿರುವಾಗ ಕಾರ್ಖಾನೆಯ ಯಜಮಾನರ ಮಗಳು ಓದು ಮುಗಿಸಿ ಕೆಲಸಕ್ಕೆ ಬಂದಳು. ನಾವೆಲ್ಲ ಚಿಕ್ಕ ಮೇಡಂ ಎನ್ನುತ್ತೇವೆ. ಫ್ರಾಕು ಹಾಕಿಕೊಂಡು ನಮ್ಮ ಥರ್ಮಾಕೋಲಿನ ರಾಶಿಯಲ್ಲಿ ಬಿದ್ದು ಹೊರಳಾಡುತ್ತಿದ್ದ ಮಗು ಅದು. ಒಂದು ಬೆಳಿಗ್ಗೆ ಬಂದವಳೇ, ಕಟ್ಟಿ ಮುಗಿಸಿದ್ದ ಒಂದು ಪೆಟ್ಟಿಗೆಯನ್ನು ಎತ್ತಿಕೊಂಡು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

“ಅಕ್ಕಾ, ನಾನು ಗಿರಾಕಿ ಅಂದ್ಕೊಳ್ಳಿ. ಈಗಷ್ಟೇ ಫ್ಯಾನ್ ತಂದಿದೀನಿ, ಸೆಖೆ ತಡೆಯೋಕಾಗ್ತಿಲ್ಲ. ಗಡಿಯಾರ ನೋಡಿ.”

ನೋಡಿದೆವು. ಮೊದಲ ಎರಡು ನಿಮಿಷ ಟೇಪಿನ ತುದಿ ಹುಡುಕುವುದರಲ್ಲೇ ಹೋಯಿತು. ಉಗುರು ಹಾಕಿದಳು, ಬರಲಿಲ್ಲ. ಕೊನೆಗೆ ಕತ್ತರಿ ಕೇಳಿದಳು. ಕತ್ತರಿ ಎಂದರೆ ನಮ್ಮಲ್ಲಿ ಒಂದು ಸಾಮಾನು, ಒಬ್ಬ ಹೆಂಗಸು ಕೂಡ; ಟೇಪು ಕತ್ತರಿಸುವವಳಿಗೆ ಎಲ್ಲರೂ ಇಟ್ಟ ಹೆಸರು. ಇಬ್ಬರೂ ಒಟ್ಟಿಗೆ ಓಡಿಬಂದರು. ಹನ್ನೊಂದು ನಿಮಿಷ ಆದಮೇಲೆ ಫ್ಯಾನ್ ಹೊರಗೆ ಬಂತು. ಚಿಕ್ಕ ಮೇಡಂ ಮೊಣಕಾಲಿನವರೆಗೆ ಪ್ಲಾಸ್ಟಿಕ್ಕಿನಲ್ಲಿ ಮುಳುಗಿದ್ದಳು, ತಲೆಗೂದಲಲ್ಲಿ ಥರ್ಮಾಕೋಲಿನ ಕಾಳು.

“ಇದನ್ನೆಲ್ಲ ಏನ್ ಮಾಡ್ಲಿ ಈಗ?” ಎಂದು ಸುತ್ತ ನೋಡಿದಳು.

“ಬಿಸಾಕೋದು,” ಎಂದಳು ಕತ್ತರಿ.

“ಎಲ್ಲಿಗೆ?”

ನಾನು ಗಂಟಲು ಸರಿಮಾಡಿಕೊಂಡು, “ಹನ್ನೊಂದು ವರ್ಷದಿಂದ ಒಂದೂ ಹಾಳಾಗಿಲ್ಲ ಮೇಡಂ,” ಎಂದು ಬಾಗಿಲ ಕಡೆ ಕೈ ತೋರಿಸಿದೆ.

“ಗೊತ್ತು ಅಕ್ಕಾ. ಪ್ಯಾಕಿಂಗ್ ಅಷ್ಟು ಗಟ್ಟಿ. ಒಳಗಿರೋ ಫ್ಯಾನೇ ಗಟ್ಟಿ ಇಲ್ವಲ್ಲ!” ಅವಳು ಮೋಟಾರನ್ನು ಎತ್ತಿ ಹಿಡಿದಳು. “ನಾಲ್ಕು ವರ್ಷ ಓಡುತ್ತೆ ಇದು. ಆಮೇಲೆ ಒಳಗಡೆ ಇರೋ ಬುಷ್ ಸವೆಯುತ್ತೆ. ಉಂಗುರದಷ್ಟು ಹಿತ್ತಾಳೆ ತುಂಡು. ಅದನ್ನ ಬದಲಾಯಿಸೋಣ ಅಂದ್ರೆ ನಾವು ಮೋಟಾರಿನ ಮುಚ್ಚಳಾನ ಗಮ್ ಹಾಕಿ ಅಂಟಿಸಿಬಿಟ್ಟಿದೀವಿ. ಬಿಚ್ಚೋಕೇ ಬರಲ್ಲ. ಹಂಗಾಗಿ ಇಡೀ ಫ್ಯಾನೇ ಗುಜರಿಗೆ. ಇನ್ಮೇಲೆ ಗಮ್ ಇಲ್ಲ, ಸ್ಕ್ರೂ. ಪೆಟ್ಟಿಗೆ ಒಳಗೇ ಒಂದು ಹೆಚ್ಚಿನ ಬುಷ್ ಇಟ್ಟು ಕೊಡೋಣ. ಫ್ಯಾನು ಹದಿನೈದು ವರ್ಷ ಬಾಳ್ಲಿ.”

ಅಲ್ಲಿಯವರೆಗೆ ನನಗೇನೂ ಅನ್ನಿಸಲಿಲ್ಲ. ಮುಂದಿನ ಮಾತು ಬಂತು. ಪ್ಲಾಸ್ಟಿಕ್ಕೂ ಇಲ್ಲ, ಥರ್ಮಾಕೋಲೂ ಇಲ್ಲ. ಮಡಚಿದ ರಟ್ಟಿನ ಗೂಡು, ಕಾಗದದ ಪಟ್ಟಿ, ವೈರು ತಳದ ಗೂಡಿನಲ್ಲಿ. ಮೊದಲು ಮುನ್ನೂರು ಫ್ಯಾನ್ ಹಾಗೆ ಕಳಿಸಿ ನೋಡುವುದು. ಆರು ವಾರದಲ್ಲಿ ಮೂರಕ್ಕಿಂತ ಹೆಚ್ಚು ಒಡೆದು ವಾಪಸ್ ಬಂದರೆ ಹಳೆಯದೇ ಸರಿ. ಇಲ್ಲದಿದ್ದರೆ ಹೊಸದು.

“ಹೊಸದಕ್ಕೆ ಎಷ್ಟು ಜನ ಬೇಕಾಗುತ್ತೆ?” ಎಂದೆ.

ಅವಳು ಕೂದಲಿನಿಂದ ಥರ್ಮಾಕೋಲು ತೆಗೆಯುತ್ತ ನನ್ನ ಮುಖ ನೋಡಲಿಲ್ಲ. “ನಾಲ್ಕು.”

“ಉಳಿದ ನಾಲ್ಕು?”

“ಅಪ್ಪನ ಹತ್ರ ಮಾತಾಡ್ತೀನಿ ಅಕ್ಕಾ. ಬೇರೆ ವಿಭಾಗದಲ್ಲಿ ಜಾಗ ಇಲ್ಲ ಅಂತಿದಾರೆ. ಒಂದು ವೇಳೆ... ಆ ನಾಲ್ಕು ಜನ ಯಾರು ಅಂತ ನೀವೇ ಹೇಳ್ಬೇಕಾಗುತ್ತೆ. ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?”

ಆವತ್ತು ಕೆಲಸ ಮಾಡುತ್ತಲೇ ಮೇಜಿನ ಈ ತುದಿಯಿಂದ ಆ ತುದಿಯವರೆಗೆ ಮನಸ್ಸಿನಲ್ಲೇ ಒಬ್ಬೊಬ್ಬರನ್ನು ನೋಡುತ್ತ ಹೋದೆ. ಕತ್ತರಿ ನನ್ನ ಜೊತೆ ಮೊದಲ ದಿನದಿಂದ ಇರುವವಳು. ಅವಳ ಪಕ್ಕದವಳಿಗೆ ಕಾಲೇಜಿಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು. ಅದರಾಚೆ ಹೋದ ವರ್ಷ ಸೇರಿದವಳು, ಕೆಲಸ ಸಿಕ್ಕ ಮೇಲೇ ಮದುವೆಯಾದವಳು. ಆ ತುದಿ ಮುಟ್ಟಿದೆ, ಒಂದು ಹೆಸರೂ ಸಿಗಲಿಲ್ಲ. ವಾಪಸ್ ಬಂದೆ, ಆಗಲೂ ಸಿಗಲಿಲ್ಲ. ಉಳಿದ ದಾರಿ ಒಂದೇ. ಹೊಸ ಪ್ಯಾಕಿಂಗ್ ಸೋಲಬೇಕು.

ಮಾರನೆಯ ದಿನ ಚಿಕ್ಕ ಮೇಡಂ ಹೊಸ ಪ್ಯಾಕಿಂಗಿನ ಕ್ರಮವನ್ನು ಗೋಡೆಯ ಮೇಲಿನ ಬಿಳಿ ಹಲಗೆಯಲ್ಲಿ ಬರೆದು, ಎರಡು ದಿನ ಪೇಟೆ ಸುತ್ತಲು ಹೋದಳು. ಒಂದನೆಯದು, ರೆಕ್ಕೆಗೆ ಕಾಗದ ಸುತ್ತಿ. ಎರಡನೆಯದು, ತಳಕ್ಕೆ ರಟ್ಟಿನ ಗೂಡು ಇಡಿ. ಮೂರನೆಯದು, ಸ್ಕ್ರೂ ಕವರ್ ಬಿಡಿ.

ಈಗ ನೀವೇ ನ್ಯಾಯ ಹೇಳಿ. ಬಿಡಿ ಎಂದರೆ ಏನು? ಅಂಗಡಿಗೆ ಹೋಗಿ ಬಿಡಿ ಸಿಗುತ್ತಾ ಎಂದರೆ ಏನು ಅರ್ಥ? ಒಂದೊಂದಾಗಿ ಎಂದು. ನಮ್ಮ ಕಾರ್ಖಾನೆಯಲ್ಲಿ ಬಿಡಿ ಭಾಗ ಎಂದರೂ ಅದೇ. ಹಾಗಾದರೆ ಸ್ಕ್ರೂ ಕವರ್ ಬಿಡಿ ಎಂದರೆ ಸ್ಕ್ರೂಗಳಿಗೆ ಕವರು ಬಿಡಿಬಿಡಿಯಾಗಿ ಹಾಕಬೇಕು ಎಂದೇ ಅಲ್ಲವೇ?

“ಅಕ್ಕಾ,” ಎಂದು ರಾಗ ಎಳೆದಳು ಕತ್ತರಿ, “ಕವರೇ ಬೇಡ ಅಂತಿರಬಹುದಾ?”

“ಬೇಡ ಅನ್ನೋದಾದ್ರೆ ಬೇಡ ಅಂತ ಬರೀತಿರ್ಲಿಲ್ವಾ? ಓದಿದವರು ಏನೋ ಯೋಚನೆ ಮಾಡಿರ್ತಾರೆ. ನಿನಗ್ಯಾಕೆ, ಹಾಕು.”

ದೇವರಾಣೆಗೂ ನಾನು ತಪ್ಪಾಗಿ ಓದಿದ್ದು. ಅರ್ಧ ಮಾತ್ರ. ಇನ್ನರ್ಧ ಬೇಕೆಂದೇ. ಯಾವ ಅರ್ಧ ಎಷ್ಟು ದೊಡ್ಡದು ಎಂದು ಈಗ ಕೆದಕುವುದು ಬೇಡ.

ಎರಡು ದಿನ ಎಂಟು ಜನ ತಲೆ ಎತ್ತದೆ ಕೂತೆವು. ಮುನ್ನೂರು ಫ್ಯಾನು, ಒಂದೊಂದಕ್ಕೆ ಎಂಟು ಸ್ಕ್ರೂ. ಎರಡು ಸಾವಿರದ ನಾನೂರು ಕವರು. ಒಂದೊಂದು ಸ್ಕ್ರೂಗೂ ತನ್ನದೇ ಕೋಣೆ, ತನ್ನದೇ ಬಾಗಿಲು. ಪುಟ್ಟ ಕವರುಗಳ ದಾಸ್ತಾನು ಮುಗಿದು ಪಕ್ಕದ ಗುಂಡಿ ಕಾರ್ಖಾನೆಯಿಂದ ಸಾಲ ತಂದೆವು. ಅವರು ಅಂಗಿ ಗುಂಡಿ ತುಂಬುವ ಕವರುಗಳವು, ಮೇಲೆ ಹೂವಿನ ಚಿತ್ರ ಬೇರೆ.

ಮೂರನೆಯ ದಿನ ಚಿಕ್ಕ ಮೇಡಂ ಬಂದು ಒಂದು ಪೆಟ್ಟಿಗೆ ತೆಗೆದಳು. ಒಂದು ಸ್ಕ್ರೂ ಎತ್ತಿದಳು, ಹೂವಿನ ಕವರಿನಲ್ಲಿ. ಇನ್ನೊಂದು ಎತ್ತಿದಳು. ಆಮೇಲೆ ಹಲಗೆ ನೋಡಿದಳು. ನನ್ನ ನೋಡಿದಳು. ನಾನು ಬೈಗುಳಕ್ಕೆ ಸಿದ್ಧವಾಗಿ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದೆ, ಎರಡು ಉತ್ತರ ಬಾಯಲ್ಲೇ ಇಟ್ಟುಕೊಂಡಿದ್ದೆ. ಅವಳು ಬೈಯಲಿಲ್ಲ. ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಏಳು ಜನ ಹೆಂಗಸರೂ ನಕ್ಕರು, ದ್ರೋಹಿಗಳು.

“ತಪ್ಪು ನಂದೇ ಅಕ್ಕಾ. ಇನ್ಮೇಲೆ ‘ಬಿಡಿ’ ಅಂತ ಬರೆಯೋದನ್ನೇ ಬಿಡ್ತೀನಿ,” ಎಂದು ಕಣ್ಣೊರೆಸಿಕೊಂಡು ಎದ್ದು, ಮೂರನೆಯ ಸಾಲನ್ನು ಅಳಿಸಿ 'ಸ್ಕ್ರೂಗೆ ಕವರ್ ಬೇಡವೇ ಬೇಡ' ಎಂದು ಬರೆದಳು. ಆಮೇಲೆ ನಮ್ಮ ಜೊತೆ ಕೂತು ಸ್ಕ್ರೂಗಳನ್ನು ಕವರಿನಿಂದ ಬಿಡಿಸಿದಳು, ಸಂಜೆಯವರೆಗೆ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ನಾನು ಪಟ್ಟ ಪಾಡು ನನಗೇ ಗೊತ್ತು.

ಮನೆಯಲ್ಲಿ ಒಂದು ವಾರ ಊಟ ಮಾಡುವ ಹಾಗಿರಲಿಲ್ಲ. “ಸಾರು ಬಿಡ್ಲಾ?” ಎಂದು ನಾನು ಸೌಟು ಎತ್ತಿದರೆ ಸಾಕು, ಇವರು ತಟ್ಟೆ ಹಿಂದಕ್ಕೆ ಎಳೆದುಕೊಂಡು, “ಯಾವ ಬಿಡ್ಲಾ? ಹನಿ ಹನಿಯಾಗಿ ಬೇರೆ ಬೇರೆ ಬಟ್ಟಲಿಗಾ?” ಎನ್ನುತ್ತಿದ್ದರು.

ಮುನ್ನೂರು ಫ್ಯಾನು ಲಾರಿ ಹತ್ತಿದವು. ನಾಚಿಕೆಯಾದರೂ ಹೇಳಿಬಿಡುತ್ತೇನೆ. ಹನ್ನೊಂದು ವರ್ಷ ಒಂದೂ ಒಡೆಯದಿರಲಿ ಎಂದು ಬೇಡಿಕೊಂಡವಳು, ಆ ಆರು ವಾರ ದಿನಾ ಬೆಳಿಗ್ಗೆ ಕೈಮುಗಿದು ನಾಲ್ಕು ಒಡೆಯಲಿ ಎಂದು ಕೇಳಿಕೊಂಡೆ. ಜಾಸ್ತಿ ಬೇಡ, ನಾಲ್ಕೇ ನಾಲ್ಕು. ಲಾರಿ ಓಡಿಸುವವನಿಗೆ ರಸ್ತೆಯಲ್ಲಿ ಗುಂಡಿಗಳು ಹೇಗಿವೆಯಪ್ಪಾ ಎಂದು ವಿಚಾರಿಸಿದೆ. “ತುಂಬ ಇದೆ ಅಕ್ಕಾ,” ಎಂದ. ಒಳಗೊಳಗೇ ಖುಷಿಯಾಯಿತು.

ಒಂದೂ ಒಡೆಯಲಿಲ್ಲ. ಆರನೆಯ ವಾರದ ಶುಕ್ರವಾರ ಚಿಕ್ಕ ಮೇಡಂ ಕುಣಿಯುತ್ತ ಬಂದು, “ನಿಮ್ಮ ಸೊನ್ನೆ ಉಳೀತು ಅಕ್ಕಾ!” ಎಂದು ನನ್ನ ಎರಡೂ ಕೈ ಹಿಡಿದುಕೊಂಡಳು. ನಾನು ಹಲ್ಲು ಕಿರಿದೆ. ಅವಳ ಹಿಂದೆ ಮೇಜಿನ ಉದ್ದಕ್ಕೂ ಏಳು ಮುಖ ಕೆಳಗೆ ಬಾಗಿತ್ತು. ಆಮೇಲೆ ಅವಳೂ ನಗು ನಿಲ್ಲಿಸಿ ಮೆಲ್ಲಗೆ, “ಸೋಮವಾರ ಹೆಸರು ಕೇಳ್ತಾರೆ ಅಪ್ಪ,” ಎಂದಳು.

ಶನಿವಾರ ಪೂರ್ತಿ ಮನೆಯಲ್ಲಿ ಪಾತ್ರೆಗಳ ಮೇಲೆ ನನ್ನ ಸಿಟ್ಟು. ಕೊನೆಗೆ ಒಂದು ನಿರ್ಧಾರಕ್ಕೆ ಬಂದೆ. ಹೆಸರು ಕೊಡುವುದಿಲ್ಲ. ನೇರವಾಗಿ ಯಜಮಾನರ ಮುಂದೆ ನಿಂತು ಕೇಳುತ್ತೇನೆ, ನನ್ನ ಹಳೆಯ ಪ್ಯಾಕಿಂಗಿನಿಂದ ಹನ್ನೊಂದು ವರ್ಷದಲ್ಲಿ ಒಂದಾದರೂ ಫ್ಯಾನ್ ಹಾಳಾಗಿದೆಯಾ, ತೋರಿಸಿ ಎಂದು.

“ಹೇಗಿದೆ ಮಾತು?” ಎಂದು ಇವರನ್ನು ಕೇಳಿದೆ. “ಒಂದಾದ್ರೂ ತೋರಿಸ್ಲಿ ನೋಡೋಣ, ಅಲ್ವಾ?”

ಯಾವಾಗಲೂ ಬಾಯಿಗೆ ಬೀಗ ಇಲ್ಲದ ಮನುಷ್ಯ. ಆವತ್ತು ಚಪ್ಪಲಿ ಹಾಕಿಕೊಂಡು, “ಅಂಗಡೀಲಿ ಕೆಲಸ ಇದೆ,” ಎಂದು ಹೊರಟೇಬಿಟ್ಟರು.

ಭಾನುವಾರ ಮಧ್ಯಾಹ್ನ ಊಟದ ಡಬ್ಬಿ ತೆಗೆದುಕೊಂಡು ನಾನೇ ಅಂಗಡಿಗೆ ಹೋದೆ. ಇವರು ಯಾರದೋ ಫ್ಯಾನ್ ಮುಟ್ಟಿಸಲು ಹೋಗಿದ್ದರು. ಕಾಯುವ ಹೊತ್ತಿಗೆ ಯಜಮಾನರಿಗೆ ಹೇಳಬೇಕಾದ ಮಾತನ್ನು ಬರೆದಿಟ್ಟುಕೊಳ್ಳೋಣ ಎಂದು ಪೆನ್ಸಿಲಿಗೆ ಹುಡುಕಾಡಿದೆ. ಮೇಜಿನ ಅಡಿಯಲ್ಲಿ, ಹಳೆಯ ಇಸ್ತ್ರಿ ಪೆಟ್ಟಿಗೆಗಳ ಹಿಂದೆ ಒಂದು ದೊಡ್ಡ ಬಿಸ್ಕತ್ತಿನ ಡಬ್ಬ ಇತ್ತು. ತೆಗೆದೆ.

ಒಳಗೆ ವೈರು. ಬರೀ ವೈರು. ನಮ್ಮ ಫ್ಯಾನಿನವು, ಆ ಬೂದು ಬಣ್ಣ, ಆ ಪ್ಲಗ್ಗು ಕತ್ತಲಲ್ಲಿ ಕೈಗೆ ಸಿಕ್ಕರೂ ನನಗೆ ಗೊತ್ತಾಗುತ್ತದೆ. ಪ್ರತಿಯೊಂದಕ್ಕೂ ಅಡ್ಡಡ್ಡ ಏಟು ಬಿದ್ದಿತ್ತು. ಕೆಲವು ಎರಡು ತುಂಡು, ಕೆಲವು ಅರ್ಧ ಸೀಳಿ ಒಳಗಿನ ತಾಮ್ರ ಹೊರಗೆ ಬಂದಿತ್ತು. ಇವರದು ಎಲ್ಲದಕ್ಕೂ ಚೀಟಿ ಕಟ್ಟುವ ಅಭ್ಯಾಸ. ಒಂದೊಂದು ವೈರಿಗೂ ಚೀಟಿ, ತಾರೀಖು, ಕೆಳಗೆ ಒಂದೇ ಪದ. 'ಚಾಕು.' 'ಕತ್ತರಿ.' 'ಬ್ಲೇಡು.' 'ಚಾಕು.' 'ಚಾಕು.' ಒಂದರಲ್ಲಿ 'ಹಲ್ಲು' ಎಂದಿತ್ತು. ಅತಿ ಹಳೆಯ ತಾರೀಖು ಹನ್ನೊಂದು ವರ್ಷದ ಹಿಂದಿನದು.

ಬಾಗಿಲಲ್ಲಿ ನೆರಳು ಬಿತ್ತು. ಇವರು ನಿಂತಿದ್ದರು.

“ಏನ್ರೀ ಇದು?”

“ಊಟ ತಂದ್ಯಾ?”

“ಏನು ಅಂತ ಕೇಳ್ದೆ.”

ಅವರು ಬಂದು ಸ್ಟೂಲಿನ ಮೇಲೆ ಕೂತು ಕೈ ಉಜ್ಜಿಕೊಂಡರು. “ನಿನ್ನ ಟೇಪು ಬಿಚ್ಚೋಕೆ ಬರಲ್ಲ ಕಣೇ. ಜನ ಚಾಕು ಹಾಕ್ತಾರೆ. ಮುಚ್ಚಳದ ಕೆಳಗೇ ವೈರು. ಒಂದೇ ಏಟಿಗೆ ಕಟ್. ಹೊಸ ಫ್ಯಾನು, ಒಂದು ಸಲಾನೂ ತಿರುಗಿರಲ್ಲ. ತಾನೇ ಕತ್ತರಿಸಿದ್ದು ಅಂತ ನಾಚಿಕೆಗೆ ಯಾರೂ ಕಾರ್ಖಾನೆಗೆ ವಾಪಸ್ ಕಳಿಸಲ್ಲ. ನನ್ನ ಹತ್ರ ತರ್ತಾರೆ.”

“ಎಷ್ಟು?”

“ಅರವತ್ನಾಲ್ಕು.”

“ನೀವು ಏನ್ ಮಾಡಿದ್ರಿ?”

“ಹೊಸ ವೈರು ಹಾಕಿ ಕೊಟ್ಟೆ. ಇದಕ್ಕೆ ಏನೂ ಕೊಡೋದು ಬೇಡ, ವಾರಂಟಿ ಇದೆ ಅಂದೆ. ಯಾವ ಕಂಪನಿ ವಾರಂಟಿ ಅಂತ ಒಬ್ಬರು ಕೇಳಿದ್ರು. ನಮ್ಮನೆ ಕಂಪನಿ ಅಂದೆ.”

ನಗಬೇಕೋ ಡಬ್ಬ ಎತ್ತಿ ಅವರ ತಲೆಗೆ ಹಾಕಬೇಕೋ ಗೊತ್ತಾಗಲಿಲ್ಲ. “ಹನ್ನೊಂದು ವರ್ಷ! ದಿನಾ ನನ್ನ ಸೊನ್ನೆ ಬಗ್ಗೆ ಕೇಳ್ತಿದ್ರಲ್ಲ, ಯಾಕೆ ಹೇಳ್ಲಿಲ್ಲ? ನನ್ನನ್ನ ಪೆದ್ದಿ ಮಾಡ್ಬಿಟ್ರಲ್ಲ!”

“ಮೊದಲ ವೈರು ಬಂದ ದಿನ ಹೇಳೋಣ ಅಂತಲೇ ಮನೆಗೆ ಬಂದೆ,” ಎಂದರು. “ಅವತ್ತೇ ನಿನಗೆ ಆ ಹಲಗೆ ಹಾಕಿದ್ರು. ಬಾಗಿಲಲ್ಲೇ ನಿಂತಿದ್ದೆ ನೀನು, ಸೀಮೆಸುಣ್ಣ ಕೈಯಲ್ಲೇ ಇತ್ತು. ನಿನ್ನ ಮುಖ ನೋಡಿದೆ. ನಾಳೆ ಹೇಳೋಣ ಅಂದ್ಕೊಂಡೆ. ಆ ನಾಳೆ ಬರಲೇ ಇಲ್ಲ ಕಣೇ.”

ನಾನು ಅಲ್ಲೇ ಅತ್ತೆ. ಅವಮಾನಕ್ಕೆ ಅತ್ತೆನೋ, ಈ ಮನುಷ್ಯನ ಮೇಲಿನ ಪ್ರೀತಿಗೆ ಅತ್ತೆನೋ, ಎರಡೂ ಇತ್ತು. ಅಳು ನಿಂತ ಮೇಲೆ ಇನ್ನೊಂದು ಹೊಳೆಯಿತು. ಇದು ಒಂದು ಅಂಗಡಿಯ ಡಬ್ಬ. ಊರಲ್ಲಿ ರಿಪೇರಿ ಅಂಗಡಿಗಳು ಎಷ್ಟು? ನಮ್ಮ ಫ್ಯಾನು ಹೋಗುವ ಊರುಗಳು ಎಷ್ಟು? ಹೆಂಡತಿಯ ಮರ್ಯಾದೆ ಉಳಿಸುವ ಗಂಡ ಎಲ್ಲ ಅಂಗಡಿಯಲ್ಲೂ ಕೂತಿರುತ್ತಾನೆಯೇ?

“ಹಲ್ಲು ಯಾರದು?” ಎಂದೆ ಮೂಗು ಒರೆಸಿಕೊಳ್ಳುತ್ತ.

“ಪೋಸ್ಟ್‌ಮಾಸ್ತರು. ಹಲ್ಲೂ ಅಲುಗಾಡಿತಂತೆ. ಅದಕ್ಕೆ ನನ್ನ ಹತ್ರ ವಾರಂಟಿ ಇರ್ಲಿಲ್ಲ.”

ಸೋಮವಾರ ಎಲ್ಲರಿಗಿಂತ ಮೊದಲು ಹೋಗಿ ಸ್ಟೂಲು ಹತ್ತಿದೆ. ಹನ್ನೊಂದು ವರ್ಷ ತಿದ್ದಿದ ಸೊನ್ನೆಯನ್ನು ಸೆರಗಿನಿಂದ ಒರೆಸಿ ೬೪ ಎಂದು ಬರೆದೆ. ಆರು ಸೊಟ್ಟಗಾಯಿತು. ಕೆಳಗೆ 'ಒಂದೇ ಅಂಗಡಿಯಲ್ಲಿ' ಎಂದೂ ಬರೆದೆ. ಹಿಂದೆ ಕತ್ತರಿ ಬಂದು ನಿಂತು ಬಾಯಿ ತೆರೆದಳು. ಅವಳಿಗೆ ಹೇಳಿ ಮುಗಿಸಲು ಧೈರ್ಯ ಸಾಲದೆ ಡಬ್ಬ ಎತ್ತಿಕೊಂಡು ಮಹಡಿ ಹತ್ತಿದೆ.

ಯಜಮಾನರು ಮಾತು ಕಡಿಮೆಯ ಮನುಷ್ಯ. ಅವರ ಮೇಜಿನ ಮೇಲೆ ಅರವತ್ತನಾಲ್ಕು ವೈರನ್ನೂ ಸುರಿದೆ. ಪಕ್ಕದಲ್ಲಿದ್ದ ಚಿಕ್ಕ ಮೇಡಂ ಒಂದೊಂದೇ ಚೀಟಿ ಓದಿದಳು.

“ವೈರು ಮೇಲಕ್ಕೆ ತಂದವಳು ನಾನು. ಟೇಪು ಮೂರು ಸುತ್ತು ಮಾಡಿದವಳೂ ನಾನೇ. ಹೊಸ ಪ್ಯಾಕಿಂಗೇ ಸರಿ,” ಎಂದೆ. “ಆದ್ರೆ ಹೆಸರು ಕೊಡಲ್ಲ ಯಜಮಾನ್ರೇ. ಇಷ್ಟು ದಿನ ಚಿಕ್ಕ ಮೇಡಂ ಇಡೀ ಫ್ಯಾನು ಗುಜರಿಗೆ ಹಾಕ್ಬೇಡಿ ಅಂತಿದಾರಲ್ಲ, ಆ ಹಳೇ ಫ್ಯಾನುಗಳನ್ನ ವಾಪಸ್ ತರಿಸಿ. ಹೊಸ ಬುಷ್ ಹಾಕಿ, ಹೊಸ ವೈರು ಹಾಕಿ ಮತ್ತೆ ಕಳಿಸೋಣ. ಬಿಚ್ಚೋರು ಯಾರು ಅಂತೀರಾ? ನಮ್ಮ ಹೆಂಗಸರು. ಒಂದೊಂದು ತುಂಡನ್ನೂ ವರ್ಷಗಟ್ಟಲೆ ಕೈಯಲ್ಲಿ ಹಿಡಿದು ಸುತ್ತಿದೋರು. ಗಮ್ ಹಾಕಿದ್ದನ್ನ ಬಿಚ್ಚೋದು ಹೇಗೆ ಅಂತ ನಮ್ಮನೆಯವರು ಬಂದು ಹೇಳ್ಕೊಡ್ತಾರೆ. ನಾನು ಕರೆದ್ರೆ ಬರದೇ ಇರೋಕೆ ಅವರಿಗೆ ಧೈರ್ಯ ಇಲ್ಲ.”

ಯಜಮಾನರು ಹಲ್ಲಿನ ವೈರನ್ನು ತುಂಬ ಹೊತ್ತು ನೋಡಿದರು. ಆಮೇಲೆ, “ನೋಡೋಣ,” ಎಂದರು.

ಅವರ ನೋಡೋಣ ಎಂದರೆ ಇಲ್ಲ ಎಂದು ಕಾರ್ಖಾನೆಗೆಲ್ಲ ಗೊತ್ತು. ಕೆಳಗೆ ಬಂದು ಎಂಟೂ ಜನ ಸುಮ್ಮನೆ ಕೆಲಸ ಮಾಡಿದೆವು. ಮಂಗಳವಾರವೂ ಮಾಡಿದೆವು. ಬುಧವಾರ ಬೆಳಿಗ್ಗೆ ಮಹಡಿಯಿಂದ ಚೀಟಿ ಬಂತು, ಯಜಮಾನರ ಕೈಬರಹ: 'ಪ್ಯಾಕಿಂಗ್ ಕೋಣೆ: ನಾಲ್ವರನ್ನು ಬಿಡಿ.'

ನಾನು ಗಟ್ಟಿಯಾಗಿ ಓದಿಬಿಟ್ಟಿದ್ದೆ. ಕತ್ತರಿ ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲೆ ಇಟ್ಟಳು. “ಹೋಗ್ಲಿ ಬಿಡಿ ಅಕ್ಕಾ, ನೀವೇನ್ ಮಾಡೋಕಾಗುತ್ತೆ. ಮೊದಲು ನನ್ನ ಹೆಸರು ಬರೀರಿ. ನಾನೇ ಹಳಬಳು,” ಎಂದಳು. ಹೋದ ವರ್ಷ ಸೇರಿದವಳು ಮುಖ ಮುಚ್ಚಿಕೊಂಡಳು.

ಮೆಟ್ಟಿಲು ಹೇಗೆ ಹತ್ತಿದೆನೋ ಗೊತ್ತಿಲ್ಲ. ಬಾಗಿಲು ಬಡಿಯಲೂ ಇಲ್ಲ. ಚೀಟಿಯನ್ನು ಯಜಮಾನರ ಮೂಗಿನ ಮುಂದೆ ಹಿಡಿದೆ.

“ಬಿಡಿ ಅಂದ್ರೆ ಯಾವ ಬಿಡಿ?”

ಇಪ್ಪತ್ತು ವರ್ಷದಲ್ಲಿ ಅವರ ಮುಂದೆ ನಾನು ದನಿ ಎತ್ತಿದ್ದು ಅದೇ ಮೊದಲು. ಅವರು ಕನ್ನಡಕ ಸರಿಮಾಡಿಕೊಂಡು ತಮ್ಮ ಚೀಟಿಯನ್ನು ತಾವೇ ಓದಿದರು.

“ಬಿಡಿ ಅಂದ್ರೆ ಬಿಡೀಮ್ಮಾ. ನಾಲ್ಕು ಜನಾನ ಅಲ್ಲೇ ಪ್ಯಾಕಿಂಗಲ್ಲಿ ಬಿಡಿ. ಮಿಕ್ಕ ನಾಲ್ಕು ಜನಾನ ಹಿಂದಿನ ಗೋಡೌನಿಗೆ ಕರ್ಕೊಂಡ್ ಬನ್ನಿ. ಖಾಲಿ ಮಾಡಿಸ್ತಿದೀನಿ. ಹಳೇ ಫ್ಯಾನ್ ಬಿಚ್ಚೋಕೆ ಜಾಗ ಬೇಡ್ವಾ?”

ಅವರ ಹಿಂದೆ ಚಿಕ್ಕ ಮೇಡಂ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. “ಅಪ್ಪಾ, ಆ ಪದ ಈ ಕಾರ್ಖಾನೇಲಿ ಬರೀಬೇಡಿ ಅಂತ ನಿಮಗೆ ಹೇಳಿರ್ಲಿಲ್ವಾ!”

ಕೆಳಗೆ ಬರುವಾಗ ಮೆಟ್ಟಿಲ ಮೇಲೇ ಕೂತೆ. ಕೆಳಗಿನಿಂದ ಏಳೂ ಜನ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದರು. ನಾನು ಅಳುತ್ತಿರುವುದನ್ನು ಕಂಡು ಅವರೂ ಶುರು ಮಾಡಿದರು. ನಿಲ್ಲಿಸ್ರೇ, ಒಳ್ಳೆ ಸುದ್ದಿ ಕಣ್ರೇ ಎಂದು ಕೂಗಿ ಹೇಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಈಗ ನಾಲ್ಕು ಜನ ಕಟ್ಟುತ್ತೇವೆ, ನಾಲ್ಕು ಜನ ಬಿಚ್ಚುತ್ತೇವೆ, ವಾರಕ್ಕೊಮ್ಮೆ ಅದಲು ಬದಲು. ಪೆಟ್ಟಿಗೆಗೆ ಟೇಪಿಲ್ಲ. ಕಾಗದದ ಹುರಿಯಲ್ಲಿ ನಾನೇ ಒಂದು ಗಂಟು ಮಾಡಿದ್ದೇನೆ, ತುದಿ ಎಳೆದರೆ ಸಾಕು. ಹಿಂದಿನ ಗೋಡೌನಿನಲ್ಲಿ ಹಾರಿಹೋಗುವ ಕವರುಗಳಿಲ್ಲದ್ದರಿಂದ ಅಲ್ಲಿ ಎರಡು ಫ್ಯಾನ್ ಹಾಕಿಸಿದ್ದೇವೆ. ಹದಿನಾಲ್ಕು ವರ್ಷದ ಹಳೆಯವು, ಕತ್ತರಿಯೇ ರಿಪೇರಿ ಮಾಡಿದ್ದು. ಇವರು ಬುಧವಾರ ಬುಧವಾರ ಬಂದು ಪಾಠ ಹೇಳುತ್ತಾರೆ, ನನಗೆ ಮಾತ್ರ ಹೆಚ್ಚಿನ ಬೈಗುಳ.

ಮೊನ್ನೆ ಸಂಜೆ ಮನೆಗೆ ಬಂದೆ. ಈಗ ಬಾಗಿಲಲ್ಲಿ ಕೇಳುವವಳು ನಾನು. “ಇವತ್ತು ಬಂತೇನ್ರೀ?”

ಎಷ್ಟೋ ತಿಂಗಳಿಂದ ಇಲ್ಲ ಎನ್ನುತ್ತಿದ್ದವರು ಆವತ್ತು ನನ್ನ ಮುಖ ನೋಡಿದರು. ಆ ನೋಟ ನನಗೀಗ ಗೊತ್ತು. ಹನ್ನೊಂದು ವರ್ಷದ ಹಿಂದೆಯೂ ಹೀಗೇ ನೋಡಿರಬೇಕು. ಆಮೇಲೆ ಜೇಬಿಗೆ ಕೈ ಹಾಕಿ ಒಂದು ಬೂದು ವೈರು ತೆಗೆದು ನನ್ನ ಅಂಗೈಯಲ್ಲಿಟ್ಟರು.

“ಹಳೇ ಪೆಟ್ಟಿಗೆ. ಅಟ್ಟದ ಮೇಲೆ ಎರಡು ವರ್ಷ ಇಟ್ಟಿದ್ರಂತೆ. ಇವತ್ತು ಬಿಚ್ಚಿದಾರೆ. ಚಾಕು.”

ಬೆಳಿಗ್ಗೆ ಸ್ಟೂಲು ಹತ್ತಿ ೬೪ ಅಳಿಸಿ ೬೫ ಎಂದು ಬರೆದೆ. ದುಂಡಗೆ, ಸುಂದರವಾಗಿ.